ಬಡ ದೇಶಕ್ಕೆ ಕೋಟಿಗಟ್ಟಲೆ ಡಾಲರ್ ‘ನೆರವು’ ಅನ್ನೋ ಸುದ್ದಿ ಓದೋದು ಹೇಗೆ

ತಿಂಗಳಿಗೊಂದ್ಸಲ ಆದ್ರೂ ಇಂಥದ್ದೊಂದು ಸುದ್ದಿ ಕಣ್ಣಿಗೆ ಬೀಳುತ್ತೆ, ಆಫ್ರಿಕಾದ ಯಾವುದೋ ದೇಶಕ್ಕೆ ವಿಶ್ವಬ್ಯಾಂಕಿಂದ ಇಷ್ಟು ಕೋಟಿ ಡಾಲರ್ ನೆರವು, ಇನ್ಯಾವುದೋ ದೇಶಕ್ಕೆ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಆಸರೆ, ಫೋಟೋದಲ್ಲಿ ಕೋಟ್ ಹಾಕ್ಕೊಂಡ ಇಬ್ರು ಕೈ ಕುಲುಕ್ತಾ ನಿಂತಿರ್ತಾರೆ. ಓದಿದೋರಲ್ಲಿ ಅರ್ಧ ಜನ "ಇಷ್ಟು ದುಡ್ಡು ಸುರಿದ್ರೂ ಇವ್ರು ಉದ್ಧಾರ ಆಗಲ್ವಲ್ಲ" ಅಂತಾರೆ, ಉಳಿದ ಅರ್ಧ "ಎಲ್ಲಾ ಅಮೆರಿಕದ ಪಿತೂರಿ" ಅಂತಾರೆ, ಎರಡೂ ಕಡೆಯೋರು ಹೆಡ್‌ಲೈನ್ ಕೆಳಗಿನ ಒಂದು ಸಾಲೂ ಓದಿರಲ್ಲ. ನಾನೂ ತುಂಬಾ ವರ್ಷ ಈ ಎರಡು ಗುಂಪಿನ ಮಧ್ಯೆನೇ ಓಡಾಡ್ಕೊಂಡಿದ್ದೆ, ಮೂಡ್ ಹೇಗಿದ್ಯೋ ಹಾಗೆ.

ಆಮೇಲೆ ಸಾಲದ ಕಾಗದಗಳನ್ನೇ ತೆಗೆದು ಓದೋ ಚಟ ಹತ್ತಿತು, ಅವೆಲ್ಲ ಆನ್‌ಲೈನ್‌ನಲ್ಲಿ ಫ್ರೀಯಾಗೇ ಬಿದ್ದಿರ್ತಾವೆ, ಯಾರೂ ಮುಟ್ಟಲ್ಲ ಅಷ್ಟೆ. ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ಎಷ್ಟು ದುಡ್ಡು ಅನ್ನೋದು ಅಂಥ ದೊಡ್ಡ ಪ್ರಶ್ನೆನೇ ಅಲ್ಲ. ಕೇಳಬೇಕಾದ್ದು ಇದು: ಲೆಕ್ಕ ತಪ್ಪಿದ್ರೆ ನಷ್ಟ ಯಾರ ತಲೆಗೆ? ಲಾಭ ಬಂದಾಗ ಹಂಚ್ಕೊಳ್ಳೋಕೆ ಹತ್ತು ಜನ ಬರ್ತಾರೆ, ಮಳೆ ಕೈಕೊಟ್ಟಾಗ, ತಾಮ್ರದ ರೇಟ್ ಬಿದ್ದಾಗ, ಡಾಲರ್ ಏರಿದಾಗ ಆ ಹೊರೆ ಹೊರೋರು ಯಾರು ಅಂತ ಮೊದಲೇ ಬರೆದಿಟ್ಟಿರ್ತಾರೆ. ಅದನ್ನ ಹುಡುಕೋದು ಹೇಗೆ ಅಂತ ನಾನು ಮಾಡೋ ರೀತಿಲಿ ಹೇಳ್ತೀನಿ.

ಮೊದಲು, ಅದು ಸಾಲಾನಾ, ದಾನಾನಾ ನೋಡಿ

"ನೆರವು" ಅನ್ನೋ ಪದ ಇದ್ಯಲ್ಲ, ಅದರಷ್ಟು ಮೋಸದ ಪದ ಇನ್ನೊಂದಿಲ್ಲ. ವಾಪಸ್ ಕೊಡಬೇಕಾಗಿಲ್ಲದ ಅನುದಾನನೂ ನೆರವೇ, ಬಡ್ಡಿ ಸಮೇತ ತೀರಿಸಬೇಕಾದ ಸಾಲನೂ ನೆರವೇ. ವಿಶ್ವಬ್ಯಾಂಕ್ ಅಂತ ಒಂದೇ ಹೆಸರು ಹೇಳಿದ್ರೂ ಒಳಗೆ ಬೇರೆ ಬೇರೆ ಅಂಗಡಿ ಇವೆ. ಐಬಿಆರ್‌ಡಿ ಅನ್ನೋದು 1944ರಲ್ಲಿ ಬ್ರೆಟನ್ ವುಡ್ಸ್ ಸಭೆಲಿ ಹುಟ್ಟಿದ್ದು, ಸ್ವಲ್ಪ ಅನುಕೂಲಸ್ಥ ದೇಶಗಳಿಗೆ ಹೆಚ್ಚುಕಮ್ಮಿ ಮಾರ್ಕೆಟ್ ಬಡ್ಡಿಗೆ ಸಾಲ ಕೊಡುತ್ತೆ. ಐಡಿಎ 1960ರದ್ದು, ತೀರಾ ಬಡ ದೇಶಗಳಿಗೆ ಅಂತ, ಬಡ್ಡಿ ಹೆಚ್ಚುಕಮ್ಮಿ ಇಲ್ಲ ಅನ್ನೋ ಹಾಗೆ, ತೀರಿಸೋಕೆ ಮೂವತ್ತು ನಲವತ್ತು ವರ್ಷ, ಸಾಲದಲ್ಲಿ ಮುಳುಗೋ ಹಾಗಿರೋ ದೇಶಕ್ಕೆ ಪೂರ್ತಿ ಅನುದಾನನೇ ಕೊಡೋದೂ ಉಂಟು. ಐಎಫ್‌ಸಿ ಸರ್ಕಾರಕ್ಕಲ್ಲ, ಖಾಸಗಿ ಕಂಪನಿಗೆ ದುಡ್ಡು ಕೊಡೋದು. ಹಾಗಾಗಿ "ವಿಶ್ವಬ್ಯಾಂಕ್ ಇಂಥ ದೇಶಕ್ಕೆ ಕೊಟ್ಟಿತು" ಅಂತ ಓದಿದಾಗ ಆ ದೇಶದ ಸರ್ಕಾರದ ಕೈಗೆ ಒಂದು ಪೈಸೆನೂ ಬಂದಿರದೇ ಇರಬಹುದು, ಅಲ್ಲಿ ಹೋಟೆಲ್ ಕಟ್ಟೋ ಕಂಪನಿಗೆ ಸಿಕ್ಕಿರಬಹುದು.

ಐಎಂಎಫ್ ಬೇರೆನೇ. ಅದು ರಸ್ತೆ ಕಟ್ಟಲ್ಲ, ಶಾಲೆ ಕಟ್ಟಲ್ಲ. ದೇಶದ ಹತ್ರ ಡಾಲರ್ ಖಾಲಿಯಾಗಿ ಎಣ್ಣೆ, ಔಷಧಿ ತರಿಸೋಕೂ ಆಗದೇ ಇದ್ದಾಗ ಕಂತು ಕಂತಾಗಿ ಕೊಡುತ್ತೆ, ಪ್ರತಿ ಕಂತಿಗೂ ಮುಂಚೆ ಪರೀಕ್ಷೆ.

ಇನ್ನೊಂದು ಪದ ನೋಡ್ಕೊಳ್ಳಿ, "ಮಂಜೂರು". ಮಂಜೂರಾಗಿದ್ದು ಬೇರೆ, ಬಿಡುಗಡೆ ಆಗಿದ್ದು ಬೇರೆ, ಮಂಜೂರಾದ ದುಡ್ಡು ಕೈಗೆ ಬರೋಕೆ ಐದಾರು ವರ್ಷ ಹಿಡಿಯುತ್ತೆ, ಎಷ್ಟೋ ಸಲ ಪೂರ್ತಿ ಬರೋದೇ ಇಲ್ಲ. ಐಬಿಆರ್‌ಡಿ ಸಾಲದಲ್ಲಂತೂ ಇನ್ನೂ ತಗೊಳ್ಳದೇ ಇರೋ ಭಾಗದ ಮೇಲೂ ವರ್ಷಕ್ಕೆ 0.25% ಶುಲ್ಕ ಬೀಳಬಹುದು. ಅಂದ್ರೆ ಮುಟ್ಟದೇ ಇರೋ ದುಡ್ಡಿಗೂ ಕಾಸು ಕಟ್ಟಬೇಕಾಗಬಹುದು.

ಯಾವ ನೋಟಲ್ಲಿ ತೀರಿಸಬೇಕು ಅನ್ನೋದು

ಇದನ್ನ ಜನ ಕೇಳೋದೇ ಇಲ್ಲ, ನನ್ನ ಪ್ರಕಾರ ಇಡೀ ಆಟದ ಗುಟ್ಟು ಇಲ್ಲೇ ಇರೋದು. ಬಡ ದೇಶದ ಸರ್ಕಾರ ತೆರಿಗೆ ವಸೂಲಿ ಮಾಡೋದು ತನ್ನ ನೋಟಲ್ಲಿ, ಹೊರಗಿನ ಸಾಲ ತೀರಿಸೋದು ಡಾಲರಲ್ಲಿ. ತನ್ನ ನೋಟಿನ ಬೆಲೆ ಅರ್ಧಕ್ಕೆ ಬಿತ್ತು ಅಂದ್ರೆ ಒಂದು ಡಾಲರ್ ಹೊಸ ಸಾಲ ಮಾಡದೇ ಇದ್ರೂ ಸಾಲ ಡಬಲ್ ಆಯ್ತು. ಘಾನಾದಲ್ಲಿ 2022ರಲ್ಲಿ ಹೀಗೇ ಆಯ್ತು, ಅವರ ನೋಟಾದ ಸೀಡಿ ಆ ವರ್ಷ ಒಂದು ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಕಳ್ಕೊಂಡಿತ್ತು, ಡಿಸೆಂಬರ್‌ನಲ್ಲಿ ಸರ್ಕಾರ ಹೊರಗಿನ ಹೆಚ್ಚಿನ ಸಾಲಗಳ ಕಂತು ಕಟ್ಟೋದನ್ನೇ ನಿಲ್ಲಿಸ್ತು, ಮುಂದಿನ ಮೇನಲ್ಲಿ ಐಎಂಎಫ್‌ನಿಂದ 300 ಕೋಟಿ ಡಾಲರ್ ಪ್ರೋಗ್ರಾಂ ಬಂತು. ಅವರದ್ದೂ ತಪ್ಪಿತ್ತು, ಕೈಮೀರಿ ಖರ್ಚು ಮಾಡಿದ್ರು. ಆದ್ರೆ ನೋಟು ಬೀಳೋಕೆ ಕಾರಣ ಅದೊಂದೇ ಅಲ್ಲ, ಆ ವರ್ಷ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡ್ ತನ್ನ ದೇಶದ ಬೆಲೆಯೇರಿಕೆ ತಡೆಯೋಕೆ ಬಡ್ಡಿ ಏರಿಸ್ತಾ ಹೋಯ್ತು, ದುಡ್ಡೆಲ್ಲ ಆ ಕಡೆ ಹರೀತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಇದು ಹೊಸದೂ ಅಲ್ಲ. 1970ರ ದಶಕದಲ್ಲಿ ಎಣ್ಣೆ ದೇಶಗಳ ಡಾಲರೆಲ್ಲ ಪಶ್ಚಿಮದ ಬ್ಯಾಂಕುಗಳಲ್ಲಿ ಕೊಳೀತಾ ಇತ್ತು, ಆ ಬ್ಯಾಂಕುಗಳು ಲ್ಯಾಟಿನ್ ಅಮೆರಿಕಾದ ಸರ್ಕಾರಗಳಿಗೆ ಕರೆದು ಕರೆದು ಸಾಲ ಕೊಟ್ಟವು, ಬಡ್ಡಿ ಮಾತ್ರ ಫಿಕ್ಸ್ ಅಲ್ಲ, ಮಾರ್ಕೆಟ್ ಜೊತೆ ಏರೋ ಥರದ್ದು. ಪಾಲ್ ವೋಲ್ಕರ್ ಫೆಡ್ ಅಧ್ಯಕ್ಷ ಆಗಿದ್ದಾಗ 1981ರ ಹೊತ್ತಿಗೆ ಬಡ್ಡಿನ 20% ಹತ್ತಿರಕ್ಕೆ ಒಯ್ದ್ರು, 1982ರ ಆಗಸ್ಟ್‌ನಲ್ಲಿ ಮೆಕ್ಸಿಕೋ ಇನ್ನು ನನ್ನ ಕೈಲಾಗಲ್ಲ ಅಂತು, ಹಿಂದೆಯೇ ಒಂದರ ಮೇಲೊಂದು ದೇಶ ಉರುಳ್ತು. ಮುಂದಾಲೋಚನೆ ಇಲ್ಲದೆ ಸಾಲ ಕೊಟ್ಟ ಬ್ಯಾಂಕುಗಳು ಬಹುಮಟ್ಟಿಗೆ ಉಳ್ಕೊಂಡ್ವು. ಆ ಹತ್ತು ವರ್ಷನ ಲ್ಯಾಟಿನ್ ಅಮೆರಿಕಾದಲ್ಲಿ ಇವತ್ತಿಗೂ "ಕಳೆದುಹೋದ ದಶಕ" ಅಂತಾರೆ.

ನಮ್ಮಲ್ಲಿ ಗಾದೆ ಇದ್ಯಲ್ಲ, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತ, ದೇಶ ದೇಶಗಳ ಸಾಲದಲ್ಲಿ ಅದು ತಲೆಕೆಳಗು. ಹಾಗಾಗಿ ಸುದ್ದಿ ಓದಿದ ತಕ್ಷಣ ಎರಡು ವಿಷಯ ಹುಡುಕಿ: ಸಾಲ ಯಾವ ಕರೆನ್ಸಿಲಿ, ಬಡ್ಡಿ ಫಿಕ್ಸಾ ಏರಿಳಿಯೋದಾ. ವಿಶ್ವಬ್ಯಾಂಕ್ ಪ್ರಾಜೆಕ್ಟಾದ್ರೆ "ಲೋನ್ ಅಗ್ರಿಮೆಂಟ್" ಇಲ್ಲಾ "ಫೈನಾನ್ಸಿಂಗ್ ಅಗ್ರಿಮೆಂಟ್" ಅನ್ನೋ ಕಡತದಲ್ಲಿ ಇರುತ್ತೆ.

ಷರತ್ತುಗಳು ಎಲ್ಲಿ ಅಡಗಿರ್ತಾವೆ

ಐಎಂಎಫ್ ಸೈಟಲ್ಲಿ ದೇಶದ ಹೆಸರು ಹಾಕಿ, "ಲೆಟರ್ ಆಫ್ ಇಂಟೆಂಟ್" ಅಂತ ಒಂದು ಪತ್ರ ಸಿಗುತ್ತೆ. ಓದೋಕೆ ಮಜಾ ಇರುತ್ತೆ, ಯಾಕಂದ್ರೆ ಅದು ಆ ದೇಶದ ಹಣಕಾಸು ಮಂತ್ರಿ ಮತ್ತೆ ಸೆಂಟ್ರಲ್ ಬ್ಯಾಂಕ್ ಗವರ್ನರ್ ಐಎಂಎಫ್‌ಗೆ ಬರೆದ ಹಾಗಿರುತ್ತೆ, "ನಾವೇ ನಮ್ಮ ಇಚ್ಛೆಯಿಂದ ಇಂಧನ ಸಬ್ಸಿಡಿ ತೆಗೀತೀವಿ, ಕರೆಂಟ್ ರೇಟ್ ಏರಿಸ್ತೀವಿ" ಅನ್ನೋ ಧಾಟಿ. ಅದರಲ್ಲಿರೋ ಮಾತೆಲ್ಲ ಮೊದಲೇ ಐಎಂಎಫ್ ತಂಡದ ಜೊತೆ ಕೂತು ಚೌಕಾಸಿ ಮಾಡಿದ್ದು. ಜೊತೆಗೆ ಕೊನೆಲಿ ಟೇಬಲ್‌ಗಳಿರ್ತಾವೆ, ಪತ್ರ ಬಿಟ್ಟು ಸೀದಾ ಅಲ್ಲಿಗೇ ಹೋಗಿ. "ಪ್ರಯರ್ ಆಕ್ಷನ್" ಅಂದ್ರೆ ದುಡ್ಡು ಬರೋಕೆ ಮುಂಚೆನೇ ಮಾಡಿ ಮುಗಿಸಬೇಕಾದ ಕೆಲಸ. "ಸ್ಟ್ರಕ್ಚರಲ್ ಬೆಂಚ್‌ಮಾರ್ಕ್" ಅಂದ್ರೆ ಇಂಥ ತಾರೀಕಿನೊಳಗೆ ಇಂಥ ಕಾನೂನು ತರಬೇಕು ಅನ್ನೋದು. ಪಾರ್ಲಿಮೆಂಟ್‌ನಲ್ಲಿ ಇನ್ನೂ ಚರ್ಚೆಗೇ ಬಂದಿರದ ಕಾನೂನಿಗೆ ಅಲ್ಲಿ ಡೆಡ್‌ಲೈನ್ ಇರುತ್ತೆ, ಮೊದಲ ಸಲ ನೋಡಿದಾಗ ನಂಗೆ ನಗು ಬಂತು, ಆಮೇಲೆ ಬರಲಿಲ್ಲ.

ಷರತ್ತು ಸಿಕ್ಕ ಮೇಲೆ ಒಂದೊಂದಕ್ಕೂ ಅದೇ ಪ್ರಶ್ನೆ ಹಾಕಿ, ಈ ಲೆಕ್ಕಾಚಾರ ತಪ್ಪಾದ್ರೆ ಹೊರೋರು ಯಾರು. ಮೊಜಾಂಬಿಕ್‌ನ ಗೇರುಬೀಜದ ಕಥೆ ಇದಕ್ಕೆ ಒಳ್ಳೆ ಪಾಠ. 1992ರಲ್ಲಿ ಅಂತರ್ಯುದ್ಧ ಮುಗಿದು ದೇಶ ಬೂದಿಯಿಂದ ಎದ್ದು ಕೂತಿತ್ತು, ಗೇರುಬೀಜ ಸುಲಿದು ಸಂಸ್ಕರಿಸೋ ಫ್ಯಾಕ್ಟರಿಗಳಿದ್ವು, ಅವಕ್ಕೆ ರಕ್ಷಣೆಗೆ ಅಂತ ಹಸಿ ಗೇರುಬೀಜ ರಫ್ತಾದ್ರೆ ಸರ್ಕಾರ ತೆರಿಗೆ ಹಾಕ್ತಿತ್ತು. ವಿಶ್ವಬ್ಯಾಂಕ್ ಆ ತೆರಿಗೆ ಇಳಿಸಿ ಅಂತು, ರೈತರಿಗೆ ಒಳ್ಳೆ ರೇಟ್ ಸಿಗುತ್ತೆ ಅನ್ನೋದು ವಾದ, ಕಾಗದದ ಮೇಲೆ ಸರಿಯಾಗೇ ಇತ್ತು. ಆಗಿದ್ದೇನು, ಹಸಿ ಗೇರುಬೀಜ ಹಡಗು ಹತ್ತಿ ಭಾರತಕ್ಕೆ ಹೋಯ್ತು, ಮೊಜಾಂಬಿಕ್‌ನ ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದ್ವು, ಸಾವಿರಾರು ಜನ ಕೆಲಸ ಕಳ್ಕೊಂಡ್ರು, ಅದರಲ್ಲಿ ತುಂಬಾ ಜನ ಹೆಂಗಸರು. ರೈತರಿಗಾದ್ರೂ ಸಿಕ್ತಾ? ಡ್ಯಾನಿ ರಾಡ್ರಿಕ್ ಮತ್ತೆ ಅವರ ಜೊತೆಯ ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದ್ರು, ಗೇರು ಬೆಳೆಯೋ ಒಂದು ಕುಟುಂಬಕ್ಕೆ ಸರಾಸರಿ ವರ್ಷಕ್ಕೆ ಐದು ಡಾಲರ್ ಚಿಲ್ಲರೆ ಹೆಚ್ಚು ಸಿಕ್ಕಿರಬಹುದು, ಅಷ್ಟೆ. ಸಲಹೆ ಕೊಟ್ಟೋರ ಸಂಬಳ ಒಂದು ಡಾಲರೂ ಕಮ್ಮಿ ಆಗಲಿಲ್ಲ. ಸಾಲ ಮಾತ್ರ ಮೊಜಾಂಬಿಕ್ ಹೆಸರಲ್ಲೇ ಇತ್ತು.

ಹೈಟಿಲಿ ಅಕ್ಕಿ. 1990ರ ದಶಕದ ಮಧ್ಯದಲ್ಲಿ ಆಮದು ಸುಂಕನ 3%ಗೆ ಇಳಿಸಬೇಕಾಗಿ ಬಂತು, ಅಮೆರಿಕದಲ್ಲಿ ಸಬ್ಸಿಡಿ ತಗೊಂಡು ಬೆಳೆದ ಅಗ್ಗದ ಅಕ್ಕಿ ಬಂದು ಬಿತ್ತು, ಅಲ್ಲಿನ ಭತ್ತದ ರೈತರು ನೆಲ ಕಚ್ಚಿದ್ರು, ಈಗ ಆ ದೇಶ ತಿನ್ನೋ ಅಕ್ಕಿಲಿ ಬಹುಪಾಲು ಹೊರಗಿಂದ ಬರೋದು. 2010ರ ಮಾರ್ಚ್‌ನಲ್ಲಿ ಬಿಲ್ ಕ್ಲಿಂಟನ್ ಅಮೆರಿಕದ ಸೆನೆಟ್ ಸಮಿತಿ ಮುಂದೆ ಕೂತು, ಆ ನೀತಿ ತನ್ನ ಅರ್ಕಾನ್ಸಾಸ್ ರಾಜ್ಯದ ರೈತರಿಗೆ ಒಳ್ಳೇದಾಗಿರಬಹುದು, ಹೈಟಿಗೆ ಆಗಲಿಲ್ಲ, ತಪ್ಪು ಮಾಡಿದ್ವಿ ಅಂತ ಒಪ್ಕೊಂಡ್ರು. ಒಪ್ಕೊಂಡಿದ್ದು ದೊಡ್ಡದೇ, ಅಷ್ಟೊತ್ತಿಗೆ ಗದ್ದೆ ಬಿಟ್ಟು ಪಟ್ಟಣದ ಕೊಳೆಗೇರಿ ಸೇರಿದೋರಿಗೆ ಆ ಮಾತಿಂದ ಏನು ಬಂತು.

ಷರತ್ತು ಮೀರಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಮಲಾವಿ ಸರ್ಕಾರ 2005ರಲ್ಲಿ, ಗೊಬ್ಬರಕ್ಕೆ ಸಬ್ಸಿಡಿ ಕೊಡಬೇಡಿ ಅಂತ ದಾನಿಗಳು ಎಷ್ಟೋ ವರ್ಷದಿಂದ ಹೇಳ್ತಾ ಬಂದಿದ್ರೂ ಕೇಳದೆ ಸಣ್ಣ ರೈತರಿಗೆ ಗೊಬ್ಬರ ಬೀಜದ ಕೂಪನ್ ಹಂಚ್ತು, ಮಳೆಯೂ ಚೆನ್ನಾಗಾಯ್ತು, 2007ಕ್ಕೆ ಪಕ್ಕದ ಜಿಂಬಾಬ್ವೆಗೆ ಮೆಕ್ಕೆಜೋಳ ಮಾರೋ ಮಟ್ಟಕ್ಕೆ ಬಂತು. ಇದನ್ನ ಪವಾಡ ಅಂತ ಹೊಗಳೋರಿದ್ದಾರೆ, ನಾನು ಅಷ್ಟು ದೂರ ಹೋಗಲ್ಲ, ಆಮೇಲಾಮೇಲೆ ಆ ಸಬ್ಸಿಡಿ ಬಜೆಟ್ ನುಂಗ್ತು, ಕೂಪನ್ ಹಂಚೋದರಲ್ಲಿ ಗೋಲ್‌ಮಾಲೂ ಆಯ್ತು. ಆದ್ರೆ ಆ ತಪ್ಪಿಗೆ ಅಲ್ಲಿನ ಸರ್ಕಾರ ತನ್ನ ಜನಕ್ಕೆ ಉತ್ತರ ಕೊಡಬೇಕಾಯ್ತು, ವ್ಯತ್ಯಾಸ ಅದೇ.

ದಾನ ಅಂದ್ರೂ ಬಿಲ್ ನೋಡಿ

ಅನುದಾನನೇ ಆಗಿದ್ರೆ ಇಷ್ಟು ತಲೆಬಿಸಿ ಬೇಡ, ಆದ್ರೂ ಟೆಂಡರ್ ಯಾರಿಗೆ ಸಿಕ್ತು ನೋಡಿ. ಕೊಟ್ಟ ದೇಶದ ಕಂಪನಿಗೇ ಕೆಲಸ ಕೊಡಬೇಕು ಅನ್ನೋ ಕಟ್ಟುಪಾಡಿದ್ರೆ ದುಡ್ಡು ಒಂದು ಸುತ್ತು ಹೊಡೆದು ಮನೆಗೇ ವಾಪಸ್. ಅಮೆರಿಕದ ಆಹಾರ ನೆರವು 1954ರಿಂದ ಬಹುಕಾಲ ಹೀಗೇ ನಡೀತು, ಧಾನ್ಯ ಅಮೆರಿಕದ ರೈತರಿಂದಲೇ ಕೊಳ್ಳಬೇಕು, ಅದರಲ್ಲಿ ದೊಡ್ಡ ಪಾಲು ಅಮೆರಿಕದ ಬಾವುಟ ಇರೋ ಹಡಗಲ್ಲೇ ಸಾಗಿಸಬೇಕು. ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ, ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ 23.4 ಕೋಟಿ ಪೌಂಡ್ ನೆರವು ಕೊಟ್ಟಾಗ ಹಿಂದೆ ಶಸ್ತ್ರಾಸ್ತ್ರ ವ್ಯಾಪಾರ ಇತ್ತು ಅಂತ ಬಯಲಾಯ್ತು, 1994ರಲ್ಲಿ ಬ್ರಿಟನ್ನಿನ ಹೈಕೋರ್ಟೇ ಆ ನೆರವು ಕಾನೂನುಬಾಹಿರ ಅಂತು.

ಶ್ರೀಮಂತ ದೇಶಗಳು ತಮ್ಮ ಆದಾಯದ 0.7% ಕೊಡಬೇಕು ಅಂತ ವಿಶ್ವಸಂಸ್ಥೆಲಿ ಗುರಿ ಇಟ್ಕೊಂಡಿದ್ದು 1970ರಲ್ಲಿ, 2023ರಲ್ಲಿ ಒಟ್ಟಾರೆ ಕೊಟ್ಟಿದ್ದು 0.37%. ಅದರಲ್ಲೂ ತಮ್ಮ ದೇಶಕ್ಕೆ ಬಂದ ನಿರಾಶ್ರಿತರಿಗೆ ಮೊದಲ ವರ್ಷ ಮಾಡೋ ಖರ್ಚನ್ನ ನೆರವು ಅಂತ ಬರ್ಕೊಬಹುದು, ಆ ದುಡ್ಡು ಗಡಿ ದಾಟಿರೋದೇ ಇಲ್ಲ. ಹೋಲಿಕೆಗೆ ಒಂದು ಸಂಖ್ಯೆ ನೆನಪಿಟ್ಕೊಳ್ಳಿ: 2023ರಲ್ಲಿ ಈ ಅಧಿಕೃತ ನೆರವು ಸುಮಾರು 22,000 ಕೋಟಿ ಡಾಲರ್, ಹೊರದೇಶದಲ್ಲಿ ದುಡಿಯೋ ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿರೋ ತಮ್ಮ ಮನೆಗೆ ಕಳಿಸಿದ್ದು ಸುಮಾರು 65,000 ಕೋಟಿ, ಅದೇ ವರ್ಷ ಆ ದೇಶಗಳು ಹೊರಗಿನ ಸಾಲಕ್ಕೆ ಕಂತು ಬಡ್ಡಿ ಅಂತ ಕಟ್ಟಿದ್ದು 1.4 ಲಕ್ಷ ಕೋಟಿ. ಮನೆಗೆಲಸ ಮಾಡೋ ಹೆಂಗಸು, ಕಟ್ಟಡದ ಕೂಲಿ, ಇವರೇ ದೊಡ್ಡ ದಾನಿಗಳು, ಅವರ ಫೋಟೋ ಯಾವ ಪತ್ರಿಕೆಲೂ ಬರಲ್ಲ.

ಲಾಭ ಯಾವ ಊರಲ್ಲಿ ಹುಟ್ಟುತ್ತೆ

"ವಿದೇಶಿ ಬಂಡವಾಳ ಬಂತು, ಗಣಿ ಶುರುವಾಯ್ತು" ಅನ್ನೋ ಸುದ್ದಿಗೆ ಬೇರೆ ಥರ ಲೆಕ್ಕ. ಒಂದು ಲೆಕ್ಕ ಹಾಕೋಣ, ಸಂಖ್ಯೆಗಳು ನಾನೇ ಊಹಿಸ್ಕೊಂಡಿರೋದು. ತಾಮ್ರದ ಗಣಿ ಇರೋ ಬಡ ದೇಶ, ಟನ್ನಿಗೆ ಖರ್ಚು 6,500 ಡಾಲರ್, ಮಾರ್ಕೆಟ್ ರೇಟ್ 9,000, ಲಾಭ 2,500, ತೆರಿಗೆ 30% ಅಂದ್ರೆ ಸರ್ಕಾರಕ್ಕೆ 750 ಬರಬೇಕು. ಈಗ ಕಂಪನಿ ಏನ್ಮಾಡುತ್ತೆ, ತೆರಿಗೆ ಕಮ್ಮಿ ಇರೋ ಇನ್ನೊಂದು ದೇಶದಲ್ಲಿ ತನ್ನದೇ ಒಂದು ಟ್ರೇಡಿಂಗ್ ಆಫೀಸ್ ತೆರೆದು, ಅದಕ್ಕೆ 7,000ಕ್ಕೆ ತಾಮ್ರ ಮಾರಿದ ಹಾಗೆ ಬಿಲ್ ಮಾಡುತ್ತೆ, ಆ ಆಫೀಸು 9,000ಕ್ಕೆ ಮಾರುತ್ತೆ. ಗಣಿ ದೇಶದ ಲೆಕ್ಕದಲ್ಲಿ ಲಾಭ ಬರೀ 500, ತೆರಿಗೆ 150. ತಾಮ್ರ ಹೋಗಿದ್ದು ಸೀದಾ ಗಣಿಯಿಂದ ಫ್ಯಾಕ್ಟರಿಗೆ, ಕಾಗದ ಮಾತ್ರ ಸುತ್ತಾಡಿ ಬಂತು. ಇಷ್ಟಕ್ಕೇ ಬಿಡಲ್ಲ, ಮಾತೃ ಕಂಪನಿ ತನ್ನ ಮಗಳು ಕಂಪನಿಗೆ ತಾನೇ ಸಾಲ ಕೊಟ್ಟು ಬಡ್ಡಿ ತಗೊಳ್ಳುತ್ತೆ, "ಮ್ಯಾನೇಜ್‌ಮೆಂಟ್ ಫೀ" ಅಂತ ಇನ್ನಷ್ಟು, ಬ್ರಾಂಡ್ ಹೆಸರು ಬಳಸೋಕೆ ರಾಯಲ್ಟಿ ಅಂತ ಮತ್ತಷ್ಟು, ಕೊನೆಗೆ ಗಣಿ ನಷ್ಟದಲ್ಲಿದೆ. ವರ್ಷಗಟ್ಟಲೆ ನಷ್ಟದಲ್ಲಿರೋ ಗಣಿನ ಯಾಕೆ ಮುಚ್ಚಲ್ಲ ಅಂತ ಯಾರೂ ಕೇಳಲ್ಲ.

ಇದನ್ನ ಹಿಡಿಯೋದು ಹೇಗೆ ಅಂದ್ರೆ, ಕಂಪನಿಯ ವಾರ್ಷಿಕ ವರದಿಲಿ ಅಂಗಸಂಸ್ಥೆಗಳ ಪಟ್ಟಿ ಇರುತ್ತೆ, ಸಾಮಾನ್ಯವಾಗಿ ಕೊನೆ ಪುಟಗಳಲ್ಲಿ, ಯಾವ್ಯಾವ ದೇಶದಲ್ಲಿ ನೋಂದಣಿ ಆಗಿದೆ ನೋಡಿ, ಗಣಿಯೂ ಇಲ್ಲದ ಗಿರಾಕಿಯೂ ಇಲ್ಲದ ದ್ವೀಪಗಳ ಹೆಸರು ಬಂತು ಅಂದ್ರೆ ಅಲ್ಲಿ ನಿಲ್ಲಿ. ಇದನ್ನ ತಡೆಯೋಕೆ ಅಂತ 2021ರ ಅಕ್ಟೋಬರ್‌ನಲ್ಲಿ 136 ದೇಶಗಳು ದೊಡ್ಡ ಕಂಪನಿಗಳಿಗೆ ಕನಿಷ್ಠ 15% ತೆರಿಗೆ ಅಂತ ಒಪ್ಪಿದ್ವು. ಆವತ್ತು ಕೀನ್ಯಾ, ನೈಜೀರಿಯಾ ಸಹಿ ಹಾಕಲಿಲ್ಲ, ಅವಕ್ಕೇನು ತಲೆ ಕೆಟ್ಟಿರಲಿಲ್ಲ, ಆಫ್ರಿಕಾದ ಎಷ್ಟೋ ದೇಶದಲ್ಲಿ ಕಂಪನಿ ತೆರಿಗೆ ದರ 25–30% ಇರುವಾಗ 15% ಅನ್ನೋ ಕನಿಷ್ಠ ಮಿತಿಯಿಂದ ಹೆಚ್ಚು ಲಾಭ ಯಾರಿಗೆ ಅನ್ನೋದು ನ್ಯಾಯವಾದ ಪ್ರಶ್ನೆನೇ.

ಬೆಳೆಗಳಲ್ಲಿ ಕಥೆ ಇನ್ನೂ ಸರಳ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯೋದು ಐವರಿ ಕೋಸ್ಟ್ ಮತ್ತು ಘಾನಾ ಎರಡೇ. ಇವೆರಡೂ ಸೇರಿ 2019ರಲ್ಲಿ ಟನ್ನಿಗೆ 400 ಡಾಲರ್ ಹೆಚ್ಚು ಕೊಟ್ರೆ ಮಾತ್ರ ಮಾರ್ತೀವಿ ಅಂತ ಗಟ್ಟಿಯಾಗಿ ನಿಂತ್ವು, ಕೊಳ್ಳೋರು ಒಪ್ಪಿದ ಹಾಗೆ ಮಾಡಿ, ಆ ದೇಶಗಳ ಬೀಜಕ್ಕೆ ಸಿಗ್ತಿದ್ದ ಪ್ರೀಮಿಯಂ ಅನ್ನೋ ಇನ್ನೊಂದು ಹೆಚ್ಚುವರಿ ಬೆಲೆನ ಇಳಿಸಿಬಿಟ್ರು. ಹೀಗೆ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳೋದು ಹೆಡ್‌ಲೈನಲ್ಲಿ ಕಾಣಲ್ಲ.

ಕಂಪನಿಗೆ ಬೇರೆನೇ ಕೋರ್ಟ್

ಇದು ನಂಗೆ ಗೊತ್ತಾದಾಗ ನಂಬೋಕಾಗಿರಲಿಲ್ಲ. ಹೂಡಿಕೆ ಒಪ್ಪಂದಗಳ ಕೆಳಗೆ ವಿದೇಶಿ ಕಂಪನಿ ಒಂದು ದೇಶದ ಮೇಲೆ ಸೀದಾ ಅಂತಾರಾಷ್ಟ್ರೀಯ ಪಂಚಾಯ್ತಿಗೆ ಹೋಗಬಹುದು, ಅದರಲ್ಲಿ ಮುಖ್ಯವಾದ ಐಸಿಎಸ್‌ಐಡಿ ವಿಶ್ವಬ್ಯಾಂಕ್ ಗುಂಪಿಗೇ ಸೇರಿದ್ದು, 1966ರಿಂದ ಇದೆ. ಗಣಿಯಿಂದ ಊರು ಬಿಟ್ಟ ಜನ ಅಲ್ಲಿಗೆ ಹೋಗೋ ಹಾಗಿಲ್ಲ.

ಪಾಕಿಸ್ತಾನದ ಉದಾಹರಣೆ ನೋಡಿ. ಬಲೂಚಿಸ್ತಾನದ ರೆಕೋ ಡಿಕ್‌ನಲ್ಲಿ ತಾಮ್ರ, ಚಿನ್ನ ಇದೆ, ವಿದೇಶಿ ಕಂಪನಿಗೆ ಗಣಿ ಲೀಸ್ ಕೊಡಲ್ಲ ಅಂತ 2011ರಲ್ಲಿ ಅಲ್ಲಿನ ಸರ್ಕಾರ ನಿರಾಕರಿಸ್ತು, ಕಂಪನಿ ಐಸಿಎಸ್‌ಐಡಿಗೆ ಹೋಯ್ತು. 2019ರ ಜುಲೈ ಮೊದಲ ವಾರ ಐಎಂಎಫ್ ಪಾಕಿಸ್ತಾನಕ್ಕೆ 600 ಕೋಟಿ ಡಾಲರ್ ಸಾಲ ಮಂಜೂರು ಮಾಡ್ತು, ಮೂರು ವರ್ಷಕ್ಕೂ ಮೇಲೆ ಕಂತಲ್ಲಿ ಬರೋದು, ಕರೆಂಟ್ ಬಿಲ್ ಏರಿಸು ತೆರಿಗೆ ಏರಿಸು ಅಂತ ಷರತ್ತು ಬೇರೆ. ಅದೇ ತಿಂಗಳು, ಹತ್ತು ದಿನನೂ ಕಳೆದಿರಲಿಲ್ಲ, ಪಂಚಾಯ್ತಿ ತೀರ್ಪು ಬಂತು, ಕಂಪನಿಗೆ ಪರಿಹಾರ ಕೊಡು ಅಂತ, ಮೊತ್ತ 600 ಕೋಟಿ ಡಾಲರ್‌ಗೆ ಸ್ವಲ್ಪ ಕಮ್ಮಿ. ಗಣಿ ಅಗೆದೇ ಇರಲಿಲ್ಲ, ಮುಂದೆ ಬರಬಹುದಾಗಿದ್ದ ಲಾಭದ ಲೆಕ್ಕ ಅದು. ಕೊನೆಗೆ 2022ರಲ್ಲಿ ರಾಜಿಯಾಗಿ, ಇಬ್ಬರು ಪಾಲುದಾರರಲ್ಲಿ ಒಬ್ಬರಾಗಿದ್ದ ಬ್ಯಾರಿಕ್ ಅರ್ಧ ಪಾಲಿಗೆ ವಾಪಸ್ ಬಂತು.

ದೇಶ ಗೆಲ್ಲೋದೂ ಉಂಟು, ಸಿಗರೇಟ್ ಪ್ಯಾಕ್ ಮೇಲಿನ ಎಚ್ಚರಿಕೆ ಚಿತ್ರಕ್ಕಾಗಿ ಫಿಲಿಪ್ ಮಾರಿಸ್ ಹಾಕಿದ್ದ ಕೇಸಲ್ಲಿ ಉರುಗ್ವೆ 2016ರಲ್ಲಿ ಗೆಲ್ತು, ಆದ್ರೆ ಗೆದ್ದ ದೇಶಕ್ಕೆ ಸಿಗೋದು ಮೊದಲು ಏನಿತ್ತೋ ಅದೇ. ಯಾವ ದೇಶದ ಮೇಲೆ ಎಷ್ಟು ಕೇಸಿವೆ ಅಂತ ವಿಶ್ವಸಂಸ್ಥೆಯ ವ್ಯಾಪಾರ ವಿಭಾಗವಾದ ಅಂಕ್ಟಾಡ್‌ನ ಸೈಟಲ್ಲಿ ಪಟ್ಟಿ ಇದೆ, ಹೊಸ ಗಣಿ ಸುದ್ದಿ ಬಂದಾಗ ಅಲ್ಲೊಂದ್ಸಲ ಹುಡುಕಿ ನೋಡಿ.

ಸಾಲ ಕೈಮೀರಿದ ಮೇಲೆ

ಜಾಂಬಿಯಾದ ಹಳೇ ಕಥೆಯೊಂದಿದೆ. 1979ರಲ್ಲಿ ರೊಮೇನಿಯಾದಿಂದ ಟ್ರಾಕ್ಟರ್‌ಗೆ ಅಂತ ಮಾಡಿದ ಸಾಲ ತೀರಿಸೋಕಾಗಿರಲಿಲ್ಲ, ಎರಡೂ ಸರ್ಕಾರ ಸೇರಿ ಕಮ್ಮಿಗೆ ಮುಗಿಸ್ಕೊಳ್ಳೋ ಮಾತುಕತೆಲಿದ್ವು, ಅಷ್ಟರಲ್ಲಿ 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಅನ್ನೋ ಫಂಡ್ ಆ ಸಾಲಪತ್ರನ 33 ಲಕ್ಷ ಡಾಲರ್ ಆಸುಪಾಸಿಗೆ ರೊಮೇನಿಯಾದಿಂದ ಕೊಂಡ್ಕೊಂಡು, ಆಮೇಲೆ ಬಡ್ಡಿ ಗಿಡ್ಡಿ ಸೇರಿ 5.5 ಕೋಟಿ ಕೊಡು ಅಂತ ಲಂಡನ್ ಕೋರ್ಟಿಗೆ ಎಳೀತು. 2007ರಲ್ಲಿ ಕೋರ್ಟ್ ಸುಮಾರು 1.5 ಕೋಟಿ ಡಾಲರ್ ಕೊಡಿ ಅಂತು. ಬೇರೆ ದೇಶಗಳು ಜಾಂಬಿಯಾದ ಸಾಲ ಮನ್ನಾ ಮಾಡಿ ಉಳಿಸಿಕೊಟ್ಟ ದುಡ್ಡಲ್ಲೇ ಇವರ ಪಾಲು ಹೋಯ್ತು. ಇಂಥ ಹದ್ದುಗಳಿಗೆ ಕಡಿವಾಣ ಹಾಕೋಕೆ ಬ್ರಿಟನ್ 2010ರಲ್ಲಿ ಕಾನೂನು ತಂತು, ಒಳ್ಳೇದೇ ಆಯ್ತು.

ಅದೇ ಜಾಂಬಿಯಾ 2020ರ ನವೆಂಬರ್‌ನಲ್ಲಿ ಮತ್ತೆ ಕಂತು ತಪ್ಪಿಸ್ತು. ಸಾಲ ಕೊಟ್ಟ ಸರ್ಕಾರಗಳ ಜೊತೆ ಒಪ್ಪಂದ ಆಗೋಕೆ 2023ರ ಜೂನ್ ಬಂತು, ಬಾಂಡ್ (ಮಾರ್ಕೆಟ್‌ನಲ್ಲಿ ಮಾರೋ ಸಾಲಪತ್ರ) ಇದ್ದೋರ ಜೊತೆ ಮುಗಿಸೋಕೆ 2024. ಮೂರೂವರೆ ವರ್ಷ. ಚೀನಾ ನೀನು ಮೊದಲು ಬಿಟ್ಕೊಡು ಅಂತ ಬಾಂಡ್‌ನೋರು, ಬಾಂಡ್‌ನೋರು ಮೊದಲು ಬಿಡಲಿ ಅಂತ ಚೀನಾ, ಮಧ್ಯೆ ಆಸ್ಪತ್ರೆಗೆ ಔಷಧಿ ಇಲ್ಲದೋರು ಕಾಯ್ತಾ ಕೂತಿದ್ರು. ಹಾಗಾಗಿ ಸಾಲದ ಸುದ್ದಿಲಿ "ಯಾರಿಗೆ ಎಷ್ಟು" ಅನ್ನೋ ಪಟ್ಟಿ ಹುಡುಕೋದು ಮುಖ್ಯ. ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ಕೈ ಎತ್ತಿದಾಗ ಎಲ್ರೂ ಚೀನಾ ಬಲೆ ಅಂತ ಬರೆದ್ರು, ಹಂಬನ್‌ತೋಟ ಬಂದರನ್ನ ಚೀನಾ ಕಂಪನಿಗೆ ಕೊಟ್ಟ 99 ವರ್ಷದ ಗುತ್ತಿಗೆ ತೋರಿಸಿದ್ರು, ಆದ್ರೆ ಆ ದೇಶದ ಹೊರಸಾಲದಲ್ಲಿ ಅತಿ ದೊಡ್ಡ ತುಂಡು ಮಾರ್ಕೆಟ್‌ನಲ್ಲಿ ಮಾರಿದ ಡಾಲರ್ ಬಾಂಡ್‌ಗಳದ್ದು.

ಇಷ್ಟೆಲ್ಲ ಓದಿ ಎಲ್ಲಾ ಹೊರಗಿನೋರದ್ದೇ ತಪ್ಪು ಅನ್ನೋ ಕಡೆ ಜಾರಬೇಡಿ, ಅದೂ ಸೋಮಾರಿತನವೇ. ಮತ್ತೆ ಮೊಜಾಂಬಿಕ್‌ಗೇ ಬನ್ನಿ. 2013–14ರಲ್ಲಿ ಟ್ಯೂನಾ ಮೀನು ಹಿಡಿಯೋ ದೋಣಿ, ಕರಾವಳಿ ಕಾವಲು ಅಂತ ಹೇಳಿ ಮೂರು ಕಂಪನಿಗಳ ಹೆಸರಲ್ಲಿ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದ್ರು, ಸರ್ಕಾರದ ಗ್ಯಾರಂಟಿ ಇತ್ತು, ಬಹುಪಾಲು ಸಾಲ ಪಾರ್ಲಿಮೆಂಟಿಗೂ ಗೊತ್ತಿಲ್ಲ, ಐಎಂಎಫ್‌ಗೂ ಗೊತ್ತಿಲ್ಲ. 2016ರಲ್ಲಿ ಬಯಲಾದಾಗ ದಾನಿಗಳೆಲ್ಲ ಕೈ ತೆಗೆದ್ರು, ನೋಟಿನ ಬೆಲೆ ಕುಸೀತು, ಅಕ್ಕಿ ಬ್ರೆಡ್ಡಿನ ರೇಟು ಏರಿದ್ದು ಲಂಚ ತಿಂದೋರಿಗೆ ತಟ್ಟಲಿಲ್ಲ. ಆಗ ಹಣಕಾಸು ಮಂತ್ರಿಯಾಗಿದ್ದೋರಿಗೆ ಅಮೆರಿಕದ ಕೋರ್ಟಲ್ಲಿ ಶಿಕ್ಷೆ ಆಯ್ತು, ಸಾಲ ಕೊಡಿಸಿದ ಕ್ರೆಡಿಟ್ ಸ್ವೀಸ್ ದಂಡ ಕಟ್ತು. ಒಳಗಿನ ಕಳ್ಳನೂ ಹೊರಗಿನ ಬ್ಯಾಂಕೂ ಒಂದೇ ಟೇಬಲ್‌ನಲ್ಲಿ ಕೂತಿದ್ರು, ಬಿಲ್ ಬಂದಿದ್ದು ಆ ಟೇಬಲ್‌ಗಲ್ಲ.

ಬುದ್ಧಿವಾದ ಕೇಳದೇ ಮೇಲೆ ಬಂದೋರೂ ಇದ್ದಾರೆ ಅನ್ನಿ. ದಕ್ಷಿಣ ಕೊರಿಯಾಕ್ಕೆ ಉಕ್ಕಿನ ಕಾರ್ಖಾನೆ ಲಾಭ ಆಗಲ್ಲ ಅಂತ 1969ರಲ್ಲಿ ಹೊರಗಿನ ದುಡ್ಡು ಕೈಕೊಡ್ತು, ಅವ್ರು ಜಪಾನ್ ಕೊಟ್ಟ ಪರಿಹಾರದ ದುಡ್ಡಲ್ಲಿ ಪೋಹಾಂಗ್‌ನಲ್ಲಿ ಕಟ್ಟೇಬಿಟ್ರು, 1973ರಲ್ಲಿ ಉಕ್ಕು ಬಂತು, ಆಮೇಲಿನದ್ದು ಎಲ್ರಿಗೂ ಗೊತ್ತು. ಆದ್ರೆ ಅದಕ್ಕೂ ಮುಂಚೆ ಭೂಸುಧಾರಣೆ ಆಗಿತ್ತು, ಜೊತೆಗೆ ಸರ್ವಾಧಿಕಾರನೂ ಇತ್ತು, ಯಾವುದನ್ನೂ ಕಾಪಿ ಹೊಡೆಯೋಕಾಗಲ್ಲ.

ಸಂಖ್ಯೆಗಳ ಬಗ್ಗೆ ಎರಡು ಮಾತು

"ಬಡತನ ಇಳೀತು" ಅಂದ್ರೆ ಯಾವ ಗೆರೆ ಅಂತ ಕೇಳಿ. ವಿಶ್ವಬ್ಯಾಂಕಿನ ಗೆರೆ ದಿನಕ್ಕೆ 2.15 ಡಾಲರ್ ಇತ್ತು, 2025ರ ಜೂನ್‌ನಲ್ಲಿ 3 ಡಾಲರ್ ಆಯ್ತು, ಲೆಕ್ಕ ಬದಲಾದ ಆ ಒಂದು ದಿನಕ್ಕೆ ಜಗತ್ತಿನ ಕಡುಬಡವರ ಸಂಖ್ಯೆ 12 ಕೋಟಿಗೂ ಹೆಚ್ಚು ಏರ್ತು, ಯಾರ ಮನೆಲೂ ಏನೂ ಬದಲಾಗದೇನೇ. ಜಿಡಿಪಿನೂ ಅಷ್ಟೇ, ಐರ್ಲೆಂಡ್ ಜಿಡಿಪಿ 2015ರಲ್ಲಿ 26% ಹಾರಿದ್ದು ದೊಡ್ಡ ಕಂಪನಿಗಳು ತಮ್ಮ ಪೇಟೆಂಟ್ ಗೀಟೆಂಟ್ ಆಸ್ತಿನ ಅಲ್ಲಿಗೆ ವರ್ಗಾಯಿಸಿದ್ದಕ್ಕೆ. ಅಸಮಾನತೆ ನೋಡೋಕೆ ಆದಾಯಕ್ಕಿಂತ ಆಸ್ತಿ ಲೆಕ್ಕ ನೋಡಿ, 2021ರ ಅಂದಾಜಲ್ಲಿ ಜಗತ್ತಿನ ಮೇಲಿನ 10% ಜನರ ಹತ್ರ 76% ಆಸ್ತಿ, ಕೆಳಗಿನ ಅರ್ಧ ಜನರ ಹತ್ರ 2%.

ಓಟು ಯಾರ ಹತ್ರ ಎಷ್ಟಿದೆ ಅನ್ನೋದೂ ಹೀಗೇ ಇರೋದು. ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಕ್ಕೆ 85% ಓಟು ಬೇಕು, ಅಮೆರಿಕ ಒಂದರ ಹತ್ರನೇ 16% ಮೇಲಿದೆ, ಅಂದ್ರೆ ಅವ್ರು ಬೇಡ ಅಂದ್ರೆ ಮುಗೀತು. 2021ರಲ್ಲಿ ಕೋವಿಡ್ ಕಷ್ಟಕ್ಕೆ ಅಂತ ಐಎಂಎಫ್ 65,000 ಕೋಟಿ ಡಾಲರ್ ಮೌಲ್ಯದ, ತಾನೇ ಸೃಷ್ಟಿಸಿ ದೇಶಗಳ ಮೀಸಲಿಗೆ ಸೇರಿಸೋ ಆಸ್ತಿಯಾದ ಎಸ್‌ಡಿಆರ್ ಹಂಚ್ತು, ಪಾಲಿನ ಪ್ರಕಾರ ಹಂಚಿದ್ದರಿಂದ ಇಡೀ ಆಫ್ರಿಕಾಕ್ಕೆ ಬಂದಿದ್ದು 3,300 ಕೋಟಿ.

ದೂರು ಮತ್ತೆ ಫಾಲೋಅಪ್

ಜನರೂ ಸುಮ್ನೆ ಕೂತಿಲ್ಲ. ನರ್ಮದಾ ಕಣಿವೆಯ ಹೋರಾಟದ ಬಿಸಿಗೆ ವಿಶ್ವಬ್ಯಾಂಕ್ ಸರ್ದಾರ್ ಸರೋವರ ಯೋಜನೆ ತನಿಖೆಗೆ ಸ್ವತಂತ್ರ ಆಯೋಗ ಹಾಕಬೇಕಾಯ್ತು, 1993ರಲ್ಲಿ ಅದರ ಸಾಲ ನಿಂತುಹೋಯ್ತು, ಅದೇ ವರ್ಷ ಇನ್‌ಸ್ಪೆಕ್ಷನ್ ಪ್ಯಾನೆಲ್ ಹುಟ್ತು. ಯೋಜನೆಯಿಂದ ತೊಂದರೆ ಆದ ಇಬ್ರು ಸೇರಿ ಬರೆದ್ರೂ ದೂರು ತಗೊಳ್ತಾರೆ, ಸಾಲದ ದುಡ್ಡು ಬಿಡುಗಡೆ ಆಗೋ ಅವಧಿ ಮುಗಿದ ಮೇಲೂ 15 ತಿಂಗಳು ಅವಕಾಶ ಇದೆ. ಐಎಫ್‌ಸಿ ಯೋಜನೆಗೆ ಬೇರೆ ಕಚೇರಿ, ಸಿಎಒ ಅಂತ. ಐಎಫ್‌ಸಿ ಸಾಲ ಕೊಟ್ಟಿದ್ದ ವಿದ್ಯುತ್ ಸ್ಥಾವರದಿಂದ ತೊಂದರೆ ಆದ ಗುಜರಾತಿನ ಮುಂದ್ರಾದ ಮೀನುಗಾರರು ಅಲ್ಲಿಗೂ ಹೋಗಿ ಸಾಲದೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋದ್ರು, 2019ರಲ್ಲಿ 7–1 ಬಹುಮತದಲ್ಲಿ ಐಎಫ್‌ಸಿಗೆ ಕೋರ್ಟ್ ಕೇಸಿಂದ ಸಂಪೂರ್ಣ ರಕ್ಷಣೆ ಇಲ್ಲ ಅನ್ನೋ ತೀರ್ಪು ತಂದ್ರು. ಆಮೇಲೆ ಕೆಳಗಿನ ಕೋರ್ಟ್ ಕೇಸ್ ವಜಾ ಮಾಡ್ತು, ಪರಿಹಾರ ಸಿಗಲಿಲ್ಲ, ಬಾಗಿಲು ಮಾತ್ರ ಸ್ವಲ್ಪ ತೆರೆದಿದೆ.

ಇನ್ನು ನೀವು ಮಾಡಬೇಕಾದ್ದು ಬಹಳ ಸಣ್ಣ ಕೆಲಸ. ವಿಶ್ವಬ್ಯಾಂಕಿನ ಪ್ರತಿ ಯೋಜನೆಗೂ ಪಿ ಅಕ್ಷರ, ಅದರ ಮುಂದೆ ಆರು ಅಂಕಿಯ ನಂಬರ್ ಇರುತ್ತೆ. ಸುದ್ದಿ ಓದಿದ ದಿನ ಆ ನಂಬರ್‌ನ ಎಲ್ಲಾದ್ರೂ ಬರ್ಕೊಳ್ಳಿ, ಯೋಜನೆ ಮುಗಿಯೋ ತಾರೀಕನ್ನೂ ಪಕ್ಕದಲ್ಲಿ ಹಾಕಿ ಫೋನಲ್ಲಿ ರಿಮೈಂಡರ್ ಇಡಿ. ಅದಾಗಿ ಕೆಲವು ತಿಂಗಳಿಗೆ ಕಂಪ್ಲೀಷನ್ ರಿಪೋರ್ಟ್ ಅಂತ ಬರುತ್ತೆ, ಯೋಜನೆಗೆ ಅವರೇ ಕೊಟ್ಕೊಂಡ ಮಾರ್ಕ್ಸು, ಆಮೇಲೆ ಅವರದ್ದೇ ಮೌಲ್ಯಮಾಪನ ವಿಭಾಗ ಆ ಮಾರ್ಕ್ಸನ್ನ ಎಷ್ಟು ಇಳಿಸ್ತು ಅನ್ನೋದು, ಎರಡೂ ಸಿಗುತ್ತೆ. ಆ ದಿನ ಫೋಟೋದಲ್ಲಿ ಕೈ ಕುಲುಕಿದ ಇಬ್ರೂ ಅಷ್ಟೊತ್ತಿಗೆ ಬೇರೆ ಕೆಲಸಕ್ಕೆ ಹೋಗಿರ್ತಾರೆ, ಸಾಲದ ಮೊದಲ ಕಂತು ಇನ್ನೇನು ಶುರುವಾಗೋ ಹೊತ್ತು.